ಅಳತೆಯ ವಹಿ ಹಿಡಿದು ಬಂದ ಅಕ್ಕನಿಗೆ

ಮಾತ್ರೆಗಳು ಮುಗಿದವು. ಕಳೆದ ವಾರ ವೈದ್ಯರು ತಪಾಸಣೆ ಮಾಡಿ, ಇನ್ನು ಔಷಧಿ ಬೇಕಿಲ್ಲ, ಆದರೆ ತೂಕವನ್ನು ಆಗಾಗ ನೋಡಿಕೊಳ್ಳುತ್ತಿರಿ ಎಂದು ಹೇಳಿ ಕಳುಹಿಸಿದರು. ಬಾಗಲಕೋಟೆ ನವನಗರದ ನೆರೆಹೊರೆಯವರು, ಶಾಲೆಯ ಸಹೋದ್ಯೋಗಿಗಳು, ಊರಿನ ಬಂಧುಗಳು ಇಷ್ಟು ತಿಂಗಳು ಕೇಳುತ್ತ ಬಂದ "ಈಗ ಹೇಗಿದ್ದೀರಿ" ಎಂಬ ಪ್ರಶ್ನೆಗೆ ಇದೇ ಉತ್ತರ. ನನಗೆ ಕರುಳಿನ ಕ್ಷಯವಾಗಿತ್ತೆಂಬುದು ನಿಮಗೆಲ್ಲ ತಿಳಿದಿರುವುದರಿಂದ ಆ ಕಥೆಯನ್ನು ಮೊದಲಿನಿಂದ ಹೇಳುವುದಿಲ್ಲ. ಅದನ್ನು ಮೊದಲು ಗುರುತಿಸಿದವರು ಯಾರೆಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕಾಗಿ ಈ ಬರಹ.

ಗುರುತಿಸಿದವರು ನನ್ನ ಹಿರಿಯ ನೆಗೆಣ್ಣಿ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಅವರು ಮನೆಯಲ್ಲೇ ಹೊಲಿಗೆ ಯಂತ್ರವಿಟ್ಟುಕೊಂಡು ಕುಬಸ ಹೊಲಿಯುತ್ತಾರೆ; ಗುಳೇದಗುಡ್ಡದ ಖಣವನ್ನು ಅಂಚು ಕೆಡದಂತೆ ಕತ್ತರಿಸುವುದರಲ್ಲಿ ಅವರ ಕೈ ನಮ್ಮ ಓಣಿಯಲ್ಲಿ ಹೆಸರಾದದ್ದು. ಮನೆತನದ ಹೆಂಗಸರೆಲ್ಲರ ಅಳತೆಗಳು ಅವರ ಒಂದು ಉದ್ದನೆಯ ವಹಿಯಲ್ಲಿ, ಹಬ್ಬದ ಹೆಸರಿನೊಂದಿಗೆ ದಾಖಲಾಗಿವೆ. ಪಂಚಮಿಗೆಂದು ತೆಗೆದುಕೊಂಡ ಅಳತೆಯಲ್ಲೇ ದೀಪಾವಳಿಗೆ ಹೊಲಿದ ಕುಬಸ ನನ್ನ ಭುಜದಿಂದ ಜಾರಿದಾಗ, ಅವರು ಮತ್ತೊಮ್ಮೆ ಎದೆ, ತೋಳು, ಸೊಂಟವನ್ನು ಅಳೆದು, ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸವನ್ನು ಬರೆದು, ಟೇಪನ್ನು ಕೆಳಗಿಟ್ಟು ಕೇಳಿದರು: "ಏನ್ ತಂಗಿ, ಪಥ್ಯಾ ಗಿಥ್ಯಾ ಮಾಡಾಕತ್ತೀಯೇನ?" ಇಲ್ಲವೆಂದೆ. "ಹಂಗಾದ್ರ ಇದು ಛಲೋ ಅಲ್ಲ" ಎಂದರು.

ಅದೇ ದಿನಗಳಲ್ಲಿ ಉಳಿದವರೆಲ್ಲ "ಸಣ್ಣ ಆಗೀರಿ ಟೀಚರ್, ಛಲೋ ಕಾಣತೀರಿ" ಎನ್ನುತ್ತಿದ್ದರು. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ನಮ್ಮಲ್ಲಿ ನಡುವಯಸ್ಸಿನ ಹೆಂಗಸು ಇಳಿದರೆ ಅದು ಮೆಚ್ಚುಗೆಯ ಮಾತಾಗುತ್ತದೆ, ಮುದುಕರು ಇಳಿದರೆ ವಯಸ್ಸೆನ್ನುತ್ತೇವೆ, ಓದುವ ಹುಡುಗಿ ಇಳಿದರೆ ಪರೀಕ್ಷೆಯ ಚಿಂತೆ, ಹೊಲದಲ್ಲಿ ದುಡಿಯುವವನು ಇಳಿದರೆ ಬಿಸಿಲು. ಹೀಗೆ ಎಲ್ಲದಕ್ಕೂ ಒಂದು ಸಿದ್ಧ ಕಾರಣ ಕೈಗೆ ಸಿಗುವುದರಿಂದ ನಿಜವಾದ ಕಾರಣವನ್ನು ಹುಡುಕಲು ಯಾರೂ ಹೊರಡುವುದಿಲ್ಲ.

ಒಂದು ದವಾಖಾನೆಯಲ್ಲಿ ಟಾನಿಕ್ ಬರೆದುಕೊಟ್ಟು ಕಳುಹಿಸಿದರು. ಅಕ್ಕನಿಗೆ ಅದು ಒಪ್ಪಿಗೆಯಾಗಲಿಲ್ಲ. ಮುಂದೆ ನಾವು ಕಂಡ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, ಎಷ್ಟು ಕಾಲದಲ್ಲಿ ಎಷ್ಟು ಇಳಿದಿದ್ದೀರಿ ಎಂಬುದು. ನಮ್ಮ ಮನೆಯಲ್ಲಿ ತೂಕದ ಯಂತ್ರವಿಲ್ಲ, ಹಳೆಯ ತೂಕವನ್ನು ಬರೆದಿಟ್ಟ ಚೀಟಿಯೂ ಇರಲಿಲ್ಲ. ಅಕ್ಕ ಚೀಲದಿಂದ ವಹಿಯನ್ನು ತೆಗೆದು ಮೇಜಿನ ಮೇಲಿಟ್ಟರು. ವೈದ್ಯರು ನಗಲಿಲ್ಲ, ರಕ್ತಪರೀಕ್ಷೆಯ ವರದಿಯನ್ನು ಓದುವಷ್ಟೇ ಗಮನವಿಟ್ಟು ಓದಿದರು. ತೂಕದ ದಾಖಲೆಯಿಲ್ಲದವರ ವಿಷಯದಲ್ಲಿ ಬಟ್ಟೆ ಸಡಿಲಾದದ್ದು, ಹತ್ತಿರದವರು ಕಂಡದ್ದು, ಇವನ್ನೇ ಆಧಾರವಾಗಿ ಹಿಡಿಯುತ್ತೇವೆ ಎಂದರು.

ಅಂದು ಅವರು ತಿಳಿಸಿದ್ದನ್ನು ನಿಮಗೂ ಹೇಳಬೇಕು. ಊಟವನ್ನು ಕಡಿಮೆ ಮಾಡದೆ, ವ್ಯಾಯಾಮವನ್ನು ಹೆಚ್ಚಿಸದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ಶೇ. 5ರಷ್ಟು, ಅಂದರೆ 60 ಕೆ.ಜಿ. ಇರುವವರು 3 ಕೆ.ಜಿ.ಯಷ್ಟು, ತಾನಾಗಿ ಇಳಿದರೆ ಬೇರೆ ಯಾವ ತೊಂದರೆ ಇಲ್ಲದಿದ್ದರೂ ವೈದ್ಯರನ್ನು ಕಾಣಬೇಕು. ಅದರ ಜೊತೆಗೆ ಸಂಜೆಯ ಜ್ವರ, ರಾತ್ರಿ ಹಾಸಿಗೆ ತೋಯುವಷ್ಟು ಬೆವರು, ಎರಡು ವಾರ ದಾಟಿದ ಕೆಮ್ಮು, ನುಂಗಲು ಕಷ್ಟ, ಮಲದಲ್ಲಿ ರಕ್ತ, ಎಲ್ಲಾದರೂ ಗಂಟು, ಇವುಗಳಲ್ಲಿ ಒಂದಿದ್ದರೂ ಆ ಲೆಕ್ಕಕ್ಕೆ ಕಾಯಬಾರದು. ಕಾರಣ ಒಂದೇ ಇರುವುದಿಲ್ಲ. ಚೆನ್ನಾಗಿ ಉಂಡೂ ಇಳಿಯುತ್ತಿದ್ದರೆ ಸಕ್ಕರೆ ಕಾಯಿಲೆಯನ್ನೂ ಥೈರಾಯ್ಡ್ ಅತಿಯಾಗಿರುವುದನ್ನೂ ಮೊದಲು ನೋಡುತ್ತಾರೆ. ಹಸಿವೇ ಇಲ್ಲದಿದ್ದರೆ ಕ್ಷಯ, ಕ್ಯಾನ್ಸರ್, ಮೂತ್ರಪಿಂಡ ಅಥವಾ ಯಕೃತ್ತಿನ ರೋಗ, ಕೆಲವು ಔಷಧಿಗಳ ಪರಿಣಾಮ, ಮನಸ್ಸಿನ ಖಿನ್ನತೆ, ಹೀಗೆ ಹುಡುಕಾಟ ಸಾಗುತ್ತದೆ. ಮೊದಲ ಸುತ್ತಿನ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೆ ಅಲ್ಲಿಗೇ ಕೈಬಿಡದೆ, ಕೆಲವು ತಿಂಗಳಲ್ಲಿ ಮತ್ತೆ ತೂಗಿಸಿ ತೋರಿಸಬೇಕಂತೆ.

ಇದನ್ನೆಲ್ಲ ಕೇಳಿದ ಅಕ್ಕ ವಹಿಯ ಇನ್ನೊಂದು ಹಾಳೆಯನ್ನು ತೆರೆದರು. ಅದು ನಮ್ಮ ಅತ್ತೆಯವರದು. ಅವರದೂ ಇಳಿದಿತ್ತು. ಅವರನ್ನೂ ಕರೆತರಲು ವೈದ್ಯರು ಹೇಳಿದರು. ಕೊನೆಗೆ ಕಾರಣವಾಗಿ ಕಂಡದ್ದು ಹಲ್ಲು. ಸವೆದ, ಅಲುಗಾಡುವ ಹಲ್ಲುಗಳಿಂದ ಜೋಳದ ರೊಟ್ಟಿಯನ್ನು ಅಗಿಯಲಾಗದೆ ಅವರು ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಹೊಸ ಹಲ್ಲು ಕಟ್ಟಿಸಿದ ಮೇಲೆ ಈಗ ಖಡಕ್ ರೊಟ್ಟಿಯನ್ನೇ ಕೇಳುತ್ತಾರೆ.

ಇನ್ನು ಆಸ್ಪತ್ರೆಯಲ್ಲಿ ಕಳೆದ ಒಂದು ರಾತ್ರಿಯ ವಿಷಯ. ಕರುಳಿನ ತುಣುಕನ್ನು ಪರೀಕ್ಷೆಗೆ ಕಳುಹಿಸಿದ್ದರು, ವರದಿ ಬಂದಿರಲಿಲ್ಲ, ಗಡ್ಡೆಯೂ ಇರಬಹುದೆಂಬ ಮಾತು ಕಿವಿಗೆ ಬಿದ್ದಿತ್ತು. ಅಷ್ಟರಲ್ಲಿ ಕರುಳು ಕಟ್ಟಿಕೊಂಡಿತು. ಹೊಟ್ಟೆ ಉಬ್ಬಿ, ವಾಂತಿ ನಿಲ್ಲದೆ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಮಕ್ಕಳೊಂದಿಗೆ ಮನೆಯಲ್ಲಿರಲು ಯಜಮಾನರನ್ನು ಕಳುಹಿಸಿ ಅಕ್ಕ ಉಳಿದುಕೊಂಡರು. ಹೊಲದ ಹಂಚಿಕೆಯಾದಂದಿನಿಂದ ನಮ್ಮಿಬ್ಬರ ನಡುವೆ ಅಳತೆಯ ಮಾತನ್ನು ಬಿಟ್ಟರೆ ಬೇರೆ ಮಾತು ಉಳಿದಿರಲಿಲ್ಲವೆಂಬುದನ್ನು ನಮ್ಮವರೆಲ್ಲ ಬಲ್ಲರು. ಅವರು ಮಂಚದ ಪಕ್ಕ ನೆಲದ ಮೇಲೆ ಕೂತು, ನಳಿಕೆಯಿಂದ ಹೊರಬಂದದ್ದು ಎಷ್ಟು ಮಿ.ಲೀ. ಎಂದು ನರ್ಸ್ ಹೇಳಿದಂತೆಲ್ಲ ಅದೇ ವಹಿಯ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನ ಮಗಳನ್ನು ನೋಡಿಕೊಳ್ಳುವುದಾಗಿ ಮಾತು ಕೊಡಿ ಎಂದು ಕೇಳಿದೆ. ಅವರು ಕೊಡಲಿಲ್ಲ. ಮತ್ತೆ ಕೇಳಿದೆ, ಅಳುತ್ತ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹಂಚಿಕೆಯ ದಿನ ಆಡದೆ ಉಳಿಸಿಕೊಂಡಿದ್ದ ಮಾತುಗಳೂ ಅದರಲ್ಲಿ ಇದ್ದವು. ಎಲ್ಲವನ್ನೂ ಕೇಳಿದ ಅವರು, "ಆಯ್ತು, ಈಗ ಮಗ್ಗಲಾ ಹೊಳ್ಳಸ್ತೀನಿ, ನಳಿಗಿ ಹಿಡ್ಕೊ" ಎಂದರು. ಬೆಳಗಿನ ಜಾವ ನನಗೆ ಜೊಂಪು ಹತ್ತಿದಾಗಲೂ ಅವರು ಎಚ್ಚರವಿದ್ದರು. ಅಂದು ನಾನು ಕೇಳಿದ ಮಾತನ್ನು ಅವರು ಕೊಟ್ಟುಬಿಟ್ಟಿದ್ದರೆ ನಾನು ಹಿಡಿತ ಬಿಡುತ್ತಿದ್ದೆನೋ ಏನೋ, ಈಗಲೂ ಯೋಚಿಸುತ್ತೇನೆ.

ವರದಿ ಕ್ಷಯವೆಂದಿತು. ಆ ಹೆಸರು ಕೇಳಿ ನಿಟ್ಟುಸಿರು ಬಿಟ್ಟು ಹಗುರಾದವರು ಬಹುಶಃ ನಾವಿಬ್ಬರೇ ಇರಬೇಕು. ಚಿಕಿತ್ಸೆಯಲ್ಲಿಯೂ ತೂಕಕ್ಕೇ ಮೊದಲ ಸ್ಥಾನ: ದಿನದ ಮಾತ್ರೆಗಳ ಸಂಖ್ಯೆ ರೋಗಿಯ ತೂಕದ ಮೇಲೆ ನಿಗದಿಯಾಗುತ್ತದೆ, 35ರಿಂದ 49 ಕೆ.ಜಿ.ಯವರಿಗೆ ಮೂರು, 50ರಿಂದ 64ರವರಿಗೆ ನಾಲ್ಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್‌ನ ಬಣ್ಣ ಎಂದು ಮೊದಲೇ ತಿಳಿಸಿದ ಆಶಾ ಕಾರ್ಯಕರ್ತೆಗೂ, ಔಷಧಿಯನ್ನು ಉಚಿತವಾಗಿ ಒಂದು ದಿನವೂ ತಪ್ಪದಂತೆ ತಲುಪಿಸಿದ ಸರ್ಕಾರಿ ಆಸ್ಪತ್ರೆಯ ಕ್ಷಯ ವಿಭಾಗದ ಸಿಬ್ಬಂದಿಗೂ ನಾನು ಋಣಿ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ತಿಂಗಳಿಗೆ ಹಣ ಬರುತ್ತದೆಂಬುದೂ ನನಗೆ ಗೊತ್ತಾದದ್ದು ಅವರಿಂದಲೇ; 2018ರಲ್ಲಿ 500 ರೂಪಾಯಿಯಿಂದ ಆರಂಭವಾದ ಅದು 2024ರ ನವೆಂಬರ್‌ನಿಂದ 1000 ಆಗಿದೆ. ನನ್ನ ಪಾಲಿನದು ಮೊಟ್ಟೆಗೂ ಶೇಂಗಾಕ್ಕೂ ಹೋಯಿತು.

ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ರಜೆಯ ಕಾಗದಗಳನ್ನು ಓಡಾಡಿ ಮುಗಿಸಿಕೊಟ್ಟ ಮುಖ್ಯೋಪಾಧ್ಯಾಯರಿಗೆ, ನುಚ್ಚು ಮಜ್ಜಿಗೆ ಕಳುಹಿಸಿದ ಎದುರುಮನೆಯವರಿಗೆ, ಅಡುಗೆ ಕಲಿತ ಯಜಮಾನರಿಗೆ, ಅದನ್ನು ದೂರದೆ ಉಂಡ ಮಕ್ಕಳಿಗೆ ನನ್ನ ವಂದನೆಗಳು.

ಸೋಮವಾರದಿಂದ ಶಾಲೆಗೆ ಬರುತ್ತೇನೆ. ಕೆಲವರು ಕೇಳಲು ಸಂಕೋಚಪಟ್ಟುಕೊಂಡ ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ: ಗಾಳಿಯ ಮೂಲಕ ಹರಡುವುದು ಶ್ವಾಸಕೋಶದ ಕ್ಷಯ, ಅದೂ ಸರಿಯಾದ ಔಷಧಿ ಶುರುವಾದ ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ, ನನಗಿದ್ದ ಕರುಳಿನ ಕ್ಷಯ ಜೊತೆಗೆ ಕೂತು ಉಂಡವರಿಗೆ ಅಂಟುವಂಥದ್ದಲ್ಲ, ಮೇಲಾಗಿ ಈಗ ಅದು ಗುಣವಾಗಿದೆ. ಆದ್ದರಿಂದ ಮಧ್ಯಾಹ್ನದ ಬುತ್ತಿಯನ್ನು ಮೊದಲಿನಂತೆ ಒಟ್ಟಿಗೆ ಬಿಚ್ಚೋಣ. ಶೇಂಗಾ ಚಟ್ನಿ ನಾನು ತರುತ್ತೇನೆ.