ಮಂಜನಿಗೊಂದು ಪತ್ರ, ನಂದಿ ತಪ್ಪಲಿನ ವೈನಿನ ನೆಪದಲ್ಲಿ

ಲೋ ಮಂಜ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಇಲ್ಲಿ ಬರೆದರೆ ಮಾತ್ರ ತಕ್ಷಣ ಲೈಕ್ ಒತ್ತುತ್ತೀಯ. ಹಾಗಾಗಿ ಊರೆಲ್ಲ ಓದಲಿ ಬಿಡು. ಹಸಿರು ಬಕೆಟ್ಟಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಆಫೀಸಿನವರ ಜೊತೆ ದೊಡ್ಡಬಳ್ಳಾಪುರದ ಕಡೆ ವೈನ್ ತೋಟ ನೋಡಲು ಹೋಗಿದ್ದೆ. 1988ರಲ್ಲಿ ವೈನ್ ಕಂಪನಿಯ ಗ್ರೋವರ್ ಅವರು ಫ್ರೆಂಚ್ ಬಳ್ಳಿ ಊರಿದ್ದು ಇದೇ ನಂದಿ ತಪ್ಪಲಿನಲ್ಲಿ. ನಿಮ್ಮಪ್ಪನ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರದ ಹಾಗೆ ಗೊಂಚಲು ತಲೆಗೆ ತಾಗುವುದಿಲ್ಲ ಇಲ್ಲಿ. ತಂತಿಗೆ ಸಾಲಾಗಿ ಹಬ್ಬಿಸಿದ್ದಾರೆ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಸಂತೆಗೆ ಒಯ್ದರೆ ನಾಯಿಯೂ ಮೂಸುವುದಿಲ್ಲ, ಆದರೆ ಕೆಂಪು ವೈನಿಗೆ ಬಣ್ಣ ಬರುವುದು ಆ ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ, ಬೀಜ ಎರಡರಿಂದಲೂ. ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ: ಬೇಸಿಗೆಯಲ್ಲಿ ಹೊಸ ಕಡ್ಡಿ ಬರಲಿ ಅಂತ, ಮಳೆ ಮುಗಿಯುವ ಹೊತ್ತಿಗೆ ಹಣ್ಣು ಬಿಡಲಿ ಅಂತ.

ತಿನ್ನಲು ಕೊಟ್ಟದ್ದು ಚೀಸು, ಆಲಿವ್, ಉಪ್ಪು ಬಿಸ್ಕತ್ತು. ಇಲ್ಲಿ ನನ್ನ ತಕರಾರಿದೆ. ಸೊವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ವೈನಿಗೆ ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿ ಕೊಟ್ಟು ನೋಡಲಿ! ಶಿರಾಜ್ ಅನ್ನುವ ಕೆಂಪು ವೈನಿಗೆ ಕಾಳುಮೆಣಸಿನ ಮಟನ್ ಚಾಪ್ಸ್. ನಾಟಿ ಕೋಳಿ ಸಾರಿಗೆ ಮಾತ್ರ ರೆಡ್ ಬೇಡ, ಆ ಖಾರಕ್ಕೆ ಒಗರು ಸೇರಿದರೆ ಬಾಯಿ ಇನ್ನೂ ಉರಿಯುತ್ತದೆ. ಸ್ವಲ್ಪ ಸಿಹಿ ಉಳಿದ ಬಿಳಿ ವೈನ್ ಶೆನಿನ್ ಬ್ಲಾಂಕ್ ತಣ್ಣಗಿದ್ದರೆ ಹೊಂದುತ್ತದೆ. ಮುದ್ದೆಗೆ ಏನು ಅಂತ ಕೇಳಬೇಡ. ಅಗಿಯದೆ ನುಂಗುವ ವಸ್ತುವಿಗೆ ಜೋಡಿ ಯಾಕೆ?

ಆಮೇಲೆ ರುಚಿ ನೋಡುವ ಕೋಣೆ. ಗ್ಲಾಸಿಗೆ ಮೂಗಿಟ್ಟು ಏನು ವಾಸನೆ ಹೇಳಿ ಅಂದರು. ಮೆಣಸು, ಒದ್ದೆ ಗೋಣಿಚೀಲ, ಸ್ವಲ್ಪ ಹೊಗೆ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಮ್ಮ ಮ್ಯಾನೇಜರ್ ಅಂತೂ ಇಂಥ ಮೂಗು ಎಲ್ಲಿ ಸಿಕ್ಕಿತು ಮಾರಾಯ ಅಂದ. ನಾನು ನಕ್ಕೆ.

ಎಲ್ಲಿ ಸಿಕ್ಕಿತು ಅಂತ ನಿನಗೆ ಗೊತ್ತು ಕಣೋ. ಅಪ್ಪ ಬರುವ ಹೊತ್ತಿಗೆ ಅಮ್ಮ ನನ್ನನ್ನು ಬೀದಿ ತಿರುವಿಗೆ ಕಳಿಸುತ್ತಿದ್ದಳು. ಹತ್ತಿರ ಹೋಗಿ, ಕೈಚೀಲ ಇಸಿದುಕೊಳ್ಳುವ ನೆಪದಲ್ಲಿ ಮೂಸಿ, ಒಂದು ಪ್ಯಾಕೆಟ್ಟೋ ಎರಡೋ ಅಂತ ಓಡಿ ಬಂದು ಹೇಳಬೇಕಿತ್ತು. ಎರಡಾದರೆ ತಂಗಿಯನ್ನು ನಿಮ್ಮನೆಗೆ ಬಿಟ್ಟು ಬರುತ್ತಿದ್ದೆ. 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಅಮ್ಮ ಪಾಯಸ ಮಾಡಿದಳು, ಅಪ್ಪ ಬ್ರಾಂಡಿಗೆ ಹೋದ, ಖರ್ಚು ಜಾಸ್ತಿಯಾಯಿತು ಅಷ್ಟೇ. ಅದೇ 2007ರಲ್ಲೇ ನಮ್ಮ ಸರ್ಕಾರ ವೈನ್ ನೀತಿಯನ್ನೂ ತಂದಿತು, ವೈನರಿಗಳು ಬೆಳೆಯಲಿ ಅಂತ. ಅಪ್ಪ ತೂರಾಡಿದರೆ ಬೀದಿ ನಗುತ್ತಿತ್ತು. ನಾನು ಗ್ಲಾಸ್ ತಿರುಗಿಸಿದರೆ ಫೋಟೋ ತೆಗೆಯುತ್ತಾರೆ.

ರುಚಿ ನೋಡಿದ ವೈನ್ ಉಗುಳಲು ಬಟ್ಟಲು ಇಟ್ಟಿದ್ದರು. ಉಳಿದವರು ಉಗುಳಿದರು. ನಾನು ಒಂದು ಗುಟುಕೂ ಉಗುಳಲಿಲ್ಲ, ಪಕ್ಕದವಳು ಬಿಟ್ಟದ್ದನ್ನೂ ಬಿಡಲಿಲ್ಲ. ಮನೆಯಲ್ಲೂ ಈಗ ಬಾಟಲಿ ಶನಿವಾರಕ್ಕೆ ಕಾಯುವುದಿಲ್ಲ. ಮೊನ್ನೆ ರಾತ್ರಿ ಮಗಳು ಮುತ್ತು ಕೊಡಲು ಬಂದವಳು ನನ್ನ ಮುಖದ ಹತ್ತಿರ ನಿಂತು ಮೂಗೆಳೆದು "ದ್ರಾಕ್ಷಿ" ಅಂದಳು. ಸರಿಯಾಗಿಯೇ ಹೇಳಿದಳು. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ, ಕೋಸಂಬರಿಗೇ ನಿಲ್ಲಿಸಬೇಕಿತ್ತು. ನಮ್ಮ ಮ್ಯಾನೇಜರ್ ಇದನ್ನು ಓದುತ್ತಿದ್ದರೆ: ಸಾರ್, ಸೋಮವಾರದ ತಲೆನೋವು ನಿಜವಾಗಿಯೂ ಸೈನಸ್ಸೇ.

ನಿನಗೊಂದು ಬಾಟಲಿ ಕ್ಯಾಬರ್ನೆ, ಅದೂ ಕೆಂಪು ವೈನೇ, ತಂದಿದ್ದೇನೆ. ಸೋಡಾ ಬೆರೆಸಿದರೆ ಗೆಳೆತನ ಕಟ್. ದುಡ್ಡು ಕೊಡಬೇಡ, ಬೈಕಿನ ಬಾಕಿಯಲ್ಲಿ ಮುರಿದುಕೋ. ಆಮೇಲೂ ನಾನೇ ನಿನಗೆ ಕೊಡಬೇಕು, ಗೊತ್ತು, ಅದನ್ನು ಇಲ್ಲಿ ಎಲ್ಲರೆದುರು ಹೇಳಬೇಡ.

ನಿನ್ನ,
ಒಳ್ಳೇ ಮೂಗಿನವನು