ಮೊದಲ ಬ್ಯಾಚ್ ಕೆಲಸಕ್ಕೆ ಸೇರಿತು, ನಿಮಗೆಲ್ಲ ಧನ್ಯವಾದ

ನಮ್ಮ ತರಬೇತಿಯ ಮೊದಲ ಬ್ಯಾಚಿನವರೆಲ್ಲ ಈಗ ಅಪ್ರೆಂಟಿಸ್‌ಗಳು. ಕೆಲವರು ಗಾರೆ ಕೆಲಸಕ್ಕೆ, ಕೆಲವರು ಮರಗೆಲಸಕ್ಕೆ, ಉಳಿದವರು ಪ್ಲಂಬಿಂಗ್, ವೈರಿಂಗ್‌ಗೆ ಸೇರಿದ್ದಾರೆ. ತುಂಬಾ ಖುಷಿಯಾಗಿದೆ. ಇದು ನಿಮ್ಮಿಂದ ಆದ ಕೆಲಸ.

ಮೊದಲು ಮೇಸ್ತ್ರಿಗಳಿಗೆ ನಮಸ್ಕಾರ. ಹಗಲೆಲ್ಲ ದುಡಿದು, ಸಂಜೆ ಬಂದು ಹೊಸಬರ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳಿಕೊಟ್ಟಿರಿ. ಉದ್ದನೆಯ ಗೋಡೆಯ ಮೂಲೆ ಸರಿಯಾಗಿ 90 ಡಿಗ್ರಿ ಇದೆಯಾ ನೋಡಲು ಮೂಲೆಮಟ್ಟ ಒಂದೇ ಸಾಲದು ಅಂತ ಗೂಟ ನೆಟ್ಟು ಎರಡು ದಾರ ಕಟ್ಟಿಸಿದಿರಿ. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ. ಆ ಎರಡು ಗುರುತುಗಳ ನಡುವೆ ಟೇಪು ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಒಬ್ಬ ಹುಡುಗಿಗೆ ಅರ್ಧ ಇಂಚು ಜಾಸ್ತಿ ಬಂತು. ನೀವು ಕೈ ಹಾಕಲಿಲ್ಲ. "ಗೂಟ ಯಾವ ಕಡೆ ಸರಿಸಬೇಕು, ನೀನೇ ಹೇಳಮ್ಮ" ಅಂದಿರಿ. ಅವಳು ಯೋಚಿಸಿದಳು, ಒಳಕ್ಕೆ ಸರಿಸಿದಳು, ಮತ್ತೆ ಅಳೆದಳು. ಲೆಕ್ಕ ಅಂದ್ರೆ ಹಿಂದೆ ಸರಿಯುತ್ತಿದ್ದವಳು ಆಮೇಲೆ ಪಕ್ಕದವರಿಗೂ ಹೇಳಿಕೊಡತೊಡಗಿದಳು.

ಸೈಟಿಗೆ ಹೋದ ಮೇಲೆ ಕಲಿತರಾಯ್ತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಎಲ್ಲರಿಗೂ ಅವಸರ. ಏನೂ ಗೊತ್ತಿಲ್ಲದೆ ಹೋದವರು ಬರೀ ಮಣ್ಣು, ಇಟ್ಟಿಗೆ ಹೊತ್ತು, ಬೇಸತ್ತು ಬಿಟ್ಟುಬಿಡುತ್ತಾರೆ. ಕೆಲವು ಸಂಗತಿಗಳನ್ನಂತೂ ತಪ್ಪು ಮಾಡಿ ಕಲಿಯುವ ಹಾಗೇ ಇಲ್ಲ.

ಅದಕ್ಕೇ ಎಲೆಕ್ಟ್ರಿಷಿಯನ್ ಅಕ್ಕನಿಗೆ ವಿಶೇಷ ಧನ್ಯವಾದ. ಮೊದಲು ಕರೆಂಟ್ ಇರುವ ಕಡೆ ಟೆಸ್ಟರ್ ಹಿಡಿದು ನೋಡಿ, ಆಮೇಲೆ ಆಫ್ ಮಾಡಿದ ಲೈನ್ ನೋಡಿ, ಕೊನೆಗೆ ಮತ್ತೆ ಕರೆಂಟ್ ಇರುವ ಕಡೆಯೇ ನೋಡಿ ಅಂತ ಪ್ರತಿ ಸಲವೂ ಮಾಡಿಸಿದಿರಿ. ಟೆಸ್ಟರೇ ಕೆಟ್ಟಿದ್ದರೆ ಅದು ಉರಿಯುವುದಿಲ್ಲ, ನಾವು ಲೈನ್ ಸತ್ತಿದೆ ಅಂದುಕೊಂಡು ಕೈ ಹಾಕಿಬಿಡುತ್ತೇವೆ, ಅಲ್ವಾ? ಏಣಿಯ ಪಾಠವೂ ನಿಮ್ಮದೇ. ಪ್ರತಿ 4 ಅಡಿ ಎತ್ತರಕ್ಕೆ ಬುಡ ಗೋಡೆಯಿಂದ 1 ಅಡಿ ದೂರ.

ಹಳೆಯ ಕರಣೆ, ರಸಮಟ್ಟದಂಥ ಸಾಮಾನು ಕೊಟ್ಟವರಿಗೆ, ಕೆಲಸದ ಹೊತ್ತು, ಕೂಲಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ ಕಂಟ್ರಾಕ್ಟರುಗಳಿಗೆ, ಮಗಳನ್ನು ಗಾರೆ ಕೆಲಸಕ್ಕೆ ಕಳಿಸುವುದಾ ಅಂತ ಅನುಮಾನಿಸುತ್ತಲೇ ಕಳಿಸಿಕೊಟ್ಟ ತಂದೆತಾಯಿಗೆ ನಾನು ಋಣಿ.

ಇನ್ನು ಕೆಲಸಕ್ಕೆ ಸೇರಿದ ಮಕ್ಕಳೇ, ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಗ್ಲೌಸ್ ಮರೆಯಬೇಡಿ. ಅರ್ಥವಾಗದಿದ್ದರೆ ಸುಮ್ನೆ ತಲೆಯಾಡಿಸಬೇಡಿ, ಕೇಳಿ. ಅಲ್ಲಿ ಕೇಳಲು ಸಂಕೋಚವಾದರೆ ಸಂಜೆ ನನಗೆ ಫೋನ್ ಮಾಡಿ.