ಫೋನ್ ಬಂತೆಂದು ಅಳಿಸಬೇಡ

ಪ್ರೀತಿಯ ತಮ್ಮನಿಗೆ,

ಭದ್ರಾ ನಾಲೆಯ ನೀರು ಕೊನೆಭಾಗದ ಗದ್ದೆಗಳಿಗೆ ಬಂದಿಲ್ಲ ಅಂತ ನೀನು ಫೇಸ್‌ಬುಕ್‌ನಲ್ಲಿ ಬರೆದದ್ದನ್ನು ಓದಿದ್ದೆ. ಮಾರನೇ ದಿನ ಅದು ಇರಲಿಲ್ಲ. 'ಸ್ಟೇಷನ್ನಿಂದ ಮಾತಾಡ್ತಿದ್ದೀವಿ' ಅಂತ ಯಾರೋ ಫೋನ್ ಮಾಡಿದರಂತೆ, ನೀನು ಅಳಿಸಿಬಿಟ್ಟೆಯಂತೆ. ಆಮೇಲೆ ಹಾಕಿದ್ದನ್ನೂ ನೋಡಿದೆ: 'ವ್ಯವಸ್ಥೆ ಕೊಳೆತಿದೆ, ಎಲ್ಲರೂ ಕಳ್ಳರು.'

ಮೊದಲನೆಯದರಲ್ಲಿ ಊರಿನ ಹೆಸರಿತ್ತು, ನೀರು ಬಿಟ್ಟ ತಾರೀಖಿತ್ತು, ಒಣಗಿದ ಭತ್ತದ ಫೋಟೊ ಇತ್ತು. ಎರಡನೆಯದರಲ್ಲಿ ಬರೀ ಸಿಟ್ಟು. ಹೆಸರು ತೆಗೆದರೆ ಕಾಟ ತಪ್ಪುತ್ತದೆ ಅಂದುಕೊಂಡೆ ಅಲ್ವಾ? 'ಎಲ್ಲರೂ ಕಳ್ಳರು' ಅಂದರೆ ಯಾರು ಬೇಕಾದರೂ ಅದು ನನಗೇ ಹೇಳಿದ್ದು ಅಂತ ದೂರು ಕೊಡಬಹುದು. ಅದನ್ನು ರುಜುವಾತು ಮಾಡುವುದು ಮಾತ್ರ ನಿನ್ನಿಂದಾಗದು. ತಾರೀಖಿನ ವಿಷಯ ಹಾಗಲ್ಲ, ನಾಲೆ ಮೇಲಿನ ನೀರುಗಂಟಿಯೂ ಹೌದು ಅನ್ನುತ್ತಾನೆ.

ನಿನ್ನ ಹೆದರಿಕೆಗೆ ಕಾರಣ ಇಲ್ಲದಿಲ್ಲ. ಆನ್‌ಲೈನ್‌ನಲ್ಲಿ 'ಆಕ್ಷೇಪಾರ್ಹ' ಸಂದೇಶ ಹಾಕುವುದನ್ನು ಅಪರಾಧ ಮಾಡಿದ್ದ ಐಟಿ ಕಾಯ್ದೆಯ ಸೆಕ್ಷನ್ 66ಎ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿತು. ಆಮೇಲೂ ಪೊಲೀಸರು ಅದೇ ಸೆಕ್ಷನ್ ಹಾಕಿ ಕೇಸು ದಾಖಲಿಸುತ್ತಲೇ ಇದ್ದರು. 2022ರಲ್ಲಿ ಕೋರ್ಟು ಮತ್ತೆ ಆದೇಶ ಮಾಡಬೇಕಾಯಿತು. ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 152 (ದೇಶದ ಏಕತೆಗೆ ಧಕ್ಕೆ), 196 (ಗುಂಪುಗಳ ನಡುವೆ ದ್ವೇಷ), 353 (ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಕೆರಳಿಸುವುದು) ಇವೆ. ಒಂದು ಸಂಜೆ ಕೂತು ಮೂರನ್ನೂ ಓದು. (ಕಥೆ ಬರೆಯುವ ಹುಡುಗನಿಗೆ ಸೆಕ್ಷನ್ ಓದು ಅನ್ನಬೇಕಾಯಿತಲ್ಲ, ನನಗೂ ಬೇಜಾರೇ.)

ಇನ್ನು ಆ ಫೋನು. ಅದು ನೋಟಿಸ್ ಅಲ್ಲ. ಹೆಸರು, ಹುದ್ದೆ, ಠಾಣೆ ಯಾವುದು ಅಂತ ಕೇಳು. 'ಬರೆದು ಕೊಡಿ ಸಾರ್' ಅನ್ನು. ಪೊಲೀಸರು ಹಾಜರಾಗುವಂತೆ ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಗದವೇ ಕೈಗೆ ಬಂದರೆ ತಪ್ಪಿಸಿಕೊಳ್ಳಬೇಡ, ವಕೀಲರ ಜೊತೆ ಹೋಗು.

ಅದೇ ವರ್ಷ ಮಾರ್ಚ್‌ನಲ್ಲಿ ಸಂಸದ ಇಮ್ರಾನ್ ಪ್ರತಾಪಗಢಿ ಮೇಲಿನ ಎಫ್‌ಐಆರ್ ರದ್ದಾಯಿತು. ಅವರು ಹಾಕಿದ್ದು ಕವಿತೆಯಿದ್ದ ಒಂದು ವಿಡಿಯೊ. ಮಾತನ್ನು ಗಟ್ಟಿ ಮನಸ್ಸಿನವರ ಕಣ್ಣಿಂದ ನೋಡಬೇಕು, ಟೀಕೆಗೆಲ್ಲ ಬೆದರುವವರ ಕಣ್ಣಿಂದಲ್ಲ ಅಂದಿತು ಕೋರ್ಟು. ಒಳ್ಳೆಯ ತೀರ್ಪು. ಆದರೆ ಅವರು ಸಂಸದರು. ಕೇಸು ರದ್ದು ಮಾಡಿಸಲು ನೀನು ಹೈಕೋರ್ಟಿಗೆ ಹೋಗಬೇಕೆಂದರೆ ದಾವಣಗೆರೆಯಿಂದ ರಾತ್ರಿ ಬಸ್ಸು ಹತ್ತಬೇಕು, ಕೆಲಸಕ್ಕೆ ರಜೆ ಹಾಕಬೇಕು, ಮನೆಯಲ್ಲಿ ಅಮ್ಮನಿಗೆ ಏನೋ ಒಂದು ಹೇಳಬೇಕು. ಇದೆಲ್ಲ ಗೊತ್ತಿದ್ದೇ ಬರೆ ಅನ್ನುತ್ತಿದ್ದೇನೆ. ಸುಮ್ನೆ ಧೈರ್ಯ ತುಂಬುತ್ತಿಲ್ಲ.

ಆ ಮೊದಲ ಬರಹ ನಿನ್ನ ಹತ್ತಿರ ಇದೆಯಾ? ಇನ್ನು ಮುಂದೆ ಹಾಕುವ ಪ್ರತಿಯೊಂದರದ್ದೂ ಒಂದು ಕಾಪಿ, ಸ್ಕ್ರೀನ್‌ಶಾಟ್ ಇಟ್ಟುಕೊ. ಆ ಮೊದಲ ಬರಹದಲ್ಲಿ 'ಲಂಚ ತಿಂದಿರಬೇಕು' ಅಂತ ಒಂದು ಸಾಲಿತ್ತು. ಅದನ್ನು ತೆಗೆ, ಅದಕ್ಕೆ ನಿನ್ನ ಹತ್ತಿರ ದಾಖಲೆ ಇಲ್ಲ. ನೀರು ಬಿಟ್ಟ ಲೆಕ್ಕ ಕೇಳಿ ಆರ್‌ಟಿಐ ಅರ್ಜಿ ಹಾಕು, 30 ದಿನದೊಳಗೆ ಉತ್ತರ ಕೊಡಬೇಕು. ಉಳಿದದ್ದು ಹಾಗೇ ಇರಲಿ. ಮತ್ತೆ ಹಾಕುವ ಮೊದಲು ನನಗೊಮ್ಮೆ ತೋರಿಸು, ಭಾನುವಾರ ಮನೆಯಲ್ಲೇ ಇರುತ್ತೇನೆ.

ನಿನ್ನ
ಅಕ್ಕ